ಹುಲಿ, ಕುರಿ, ಕವಡೆ: ಮಣೆಯಾಟ ಕಲಿಸುವುದೇನನ್ನು?

ಚೋರನೂರು ಹೋಬಳಿಯ ಶಾಲೆಗಳಿಂದ ಹಂಪಿಗೆ ಪ್ರವಾಸ ಹೊರಡುವ ಮಕ್ಕಳಿಗೆ ತೋರಿಸುವ ಜಾಗಗಳ ಪಟ್ಟಿ ಎಲ್ಲರಿಗೂ ಗೊತ್ತಿರುವಂಥದ್ದೇ: ವಿರೂಪಾಕ್ಷನ ಗೋಪುರ, ಸಾಸಿವೆಕಾಳು ಗಣಪ, ಉಗ್ರನರಸಿಂಹ, ಕಮಲ ಮಹಲು, ಆನೆ ಲಾಯ, ಕಲ್ಲಿನ ರಥ. ಎಲ್ಲವೂ ತಲೆ ಎತ್ತಿ ನೋಡುವಂಥವು. ಅದೇ ಹಂಪಿಯಲ್ಲಿ ತಲೆ ತಗ್ಗಿಸಿ ನೋಡಬೇಕಾದ ಸಂಗತಿಯೂ ಒಂದಿದೆ. ಮಂಟಪಗಳ ನೆಲಹಾಸಿನಲ್ಲಿ, ಬಜಾರಿನ ಕಟ್ಟೆಗಳ ಮೇಲೆ, ಬಯಲಿನ ಬಂಡೆಗಳಲ್ಲಿ ಗೆರೆ ಕೊರೆದೂ ಗುಳಿ ತೋಡಿಯೂ ಮಾಡಿದ ಆಟದ ಮನೆಗಳಿವೆ. ಹುಲಿ-ಕುರಿ ಆಟದ ತ್ರಿಕೋನ, ಸಾಲುಮನೆ ಆಟದ ಒಂದರೊಳಗೊಂದು ಚೌಕ, ಪಗಡೆಯ ಮನೆಗಳು, ಅಳಗುಳಿಯ ಎರಡು ಸಾಲು ಗುಳಿಗಳು. ವಿದ್ವಾಂಸರಾದ ರಂಗಾಚಾರ್ ವಸಂತಾ ಅವರು ಇವುಗಳನ್ನು ಹುಡುಕಿ ಅಧ್ಯಯನ ಮಾಡಿ 2003ರಲ್ಲಿ ‘ಬೋರ್ಡ್ ಗೇಮ್ ಸ್ಟಡೀಸ್’ ಎಂಬ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಇಲ್ಲಿ ಒಂದು ಎಚ್ಚರ ಬೇಕು. ಕಲ್ಲಿನ ಮೇಲಿನ ಗೆರೆಗೆ ತಾರೀಖಿರುವುದಿಲ್ಲ. ಒಂದನ್ನು ಕಟ್ಟಡ ಕಟ್ಟಿದ ಕಲ್ಲುಕುಟಿಗನೇ ಊಟದ ಹೊತ್ತಿನಲ್ಲಿ ಕೊರೆದಿರಬಹುದು, ಇನ್ನೊಂದನ್ನು ಪಟ್ಟಣ ಹಾಳಾದ ಎಷ್ಟೋ ಕಾಲದ ಮೇಲೆ ಕುರಿ ಕಾಯುವವರು ಕೊರೆದಿರಬಹುದು. ಆದರೆ ಯಾರೇ ಕೊರೆದಿರಲಿ, ಅವು ಇರುವ ಜಾಗ ಒಂದು ಮಾತನ್ನು ಖಚಿತವಾಗಿ ಹೇಳುತ್ತದೆ. ಅವು ಅರಮನೆಯ ಒಳಕೋಣೆಗೆ ಸೀಮಿತವಾಗಿರಲಿಲ್ಲ. ಜನ ಓಡಾಡುವ, ಕಾಯುವ, ದಣಿವಾರಿಸಿಕೊಳ್ಳುವ ಜಾಗದಲ್ಲೂ ಇದ್ದವು. ದೊಡ್ಡವರು ಆಡುತ್ತಿದ್ದರು, ಸುತ್ತ ನಿಂತ ಚಿಕ್ಕವರು ನೋಡಿ ಕಲಿಯುತ್ತಿದ್ದರು ಎಂದು ಊಹಿಸಲು ಹೆಚ್ಚಿನ ಸಾಕ್ಷ್ಯ ಬೇಕಾಗುವುದಿಲ್ಲ.

ಇಂದು ಮಣೆಯಾಟ ಎಂದರೆ ಮಕ್ಕಳ ವಿಷಯ ಎಂದಾಗಿದೆ. ಅಂಗಡಿಯವರು ಅದನ್ನು ‘ಬುದ್ಧಿ ಚುರುಕಾಗುತ್ತದೆ’ ಎಂಬ ಭರವಸೆಯೊಂದಿಗೆ ಮಾರುತ್ತಾರೆ, ತಂದೆತಾಯಿ ಅದೇ ಆಸೆಯಿಂದ ಕೊಳ್ಳುತ್ತಾರೆ. ಈ ಎರಡೂ ತಿಳಿವಳಿಕೆ ತಪ್ಪು ಎಂಬುದು ನನ್ನ ವಾದ. ಮಣೆಯಾಟ ಮಗುವನ್ನು ಸರ್ವವಿಷಯಗಳಲ್ಲೂ ಜಾಣನನ್ನಾಗಿ ಮಾಡುವುದಿಲ್ಲ. ಅದು ತನ್ನ ಮನೆಗಳೊಳಗೆ ಏನಿದೆಯೋ ಅಷ್ಟನ್ನು ಕಲಿಸುತ್ತದೆ. ಎಣಿಕೆ ಇರುವ ಆಟ ಎಣಿಕೆಯನ್ನು ಕಲಿಸುತ್ತದೆ, ಆಯ್ಕೆ ಇರುವ ಆಟ ಆಯ್ಕೆ ಮಾಡುವುದನ್ನು ಕಲಿಸುತ್ತದೆ. ಇದರ ಜೊತೆಗೆ ಎಲ್ಲ ಮಣೆಯಾಟಗಳೂ ಕೊಡುವ ಒಂದು ಸಾಮಾನ್ಯ ಲಾಭವಿದೆ: ಅಜ್ಜಿಗೂ ಮೊಮ್ಮಗನಿಗೂ ಒಂದೇ ನಿಯಮ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಮಗು ಬಹುಪಾಲು ಹೊತ್ತು ದೊಡ್ಡವರ ಮಾತಿನ ಕೆಳಗೇ ಇರುತ್ತದೆ. ಮಣೆಯ ಮುಂದೆ ಮಾತ್ರ ದೊಡ್ಡವರೂ ತಮ್ಮ ಸರದಿಗೆ ಕಾಯಬೇಕು, ಬಿದ್ದಷ್ಟೇ ಎಣಿಸಬೇಕು, ಸೋತರೆ ಸೋತೆ ಎನ್ನಬೇಕು. ಈ ಸಮಾನತೆ ಮಗುವಿಗೆ ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಮಕ್ಕಳ ಕೈಗೆ ಮಣೆ ಕೊಟ್ಟು ದೊಡ್ಡವರು ಎದ್ದುಹೋದರೆ ಆಟದ ಅರ್ಧ ಪ್ರಯೋಜನ ಅಲ್ಲಿಗೇ ಮುಗಿಯಿತು.

ಎಣಿಕೆಯ ವಿಚಾರದಲ್ಲಿ ಗಟ್ಟಿಯಾದ ಸಾಕ್ಷ್ಯವೇ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳು ತುಂಬ ಸರಳವಾಗಿದ್ದವು. ಬಡ ಕುಟುಂಬಗಳ, ಇನ್ನೂ ಒಂದನೆಯ ತರಗತಿಗೆ ಸೇರದ ಮಕ್ಕಳಿಗೆ ಒಂದೇ ಸಾಲಿನ ಹತ್ತು ಮನೆಗಳ ಮಣೆ ಕೊಟ್ಟರು. ಕೆಲವರ ಮಣೆಯಲ್ಲಿ 1ರಿಂದ 10ರವರೆಗೆ ಅಂಕಿಗಳಿದ್ದವು, ಉಳಿದವರ ಮಣೆಯಲ್ಲಿ ಬರೀ ಬಣ್ಣಗಳು. ಎರಡು ವಾರಗಳಲ್ಲಿ ನಾಲ್ಕು ಸಲ, ಸಲಕ್ಕೆ ಕಾಲು ಗಂಟೆಯಷ್ಟು ಹೊತ್ತು ಆಟ. ಅಂಕಿಯ ಮಣೆಯಲ್ಲಿ ಆಡಿದ ಮಕ್ಕಳು ಅಂಕಿಗಳನ್ನು ಗುರುತಿಸುವುದರಲ್ಲಿ, ಯಾವುದು ದೊಡ್ಡದು ಯಾವುದು ಚಿಕ್ಕದು ಎಂದು ಹೇಳುವುದರಲ್ಲಿ ಮುಂದೆ ಬಂದರು, ಒಂಬತ್ತು ವಾರಗಳ ನಂತರವೂ ಆ ಗಳಿಕೆ ಉಳಿದಿತ್ತು. ಬಣ್ಣದ ಮಣೆಯವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಮುಂದೆ ಮನೆಗಳನ್ನು ದುಂಡಗೆ ಜೋಡಿಸಿ ನೋಡಿದಾಗ ನೇರ ಸಾಲಿನಷ್ಟು ಫಲ ಸಿಗಲಿಲ್ಲ. ಇನ್ನೊಂದು ಸೂಕ್ಷ್ಮವೂ ಆಮೇಲಿನ ಸಂಶೋಧನೆಯಲ್ಲಿ ಹೊರಬಿತ್ತು. ಐದನೆಯ ಮನೆಯಲ್ಲಿರುವ ಮಗುವಿಗೆ ಎರಡು ಬಿದ್ದಾಗ ‘ಒಂದು, ಎರಡು’ ಎಂದು ನಡೆಸುವುದಕ್ಕಿಂತ ಮನೆಯ ಅಂಕಿಯನ್ನೇ ಓದಿ ‘ಆರು, ಏಳು’ ಎಂದು ನಡೆಸಿದಾಗ ಕಲಿಕೆ ಹೆಚ್ಚು. ಅಂಗನವಾಡಿ ಕಾರ್ಯಕರ್ತೆಯರಿಗೆ, ಮನೆಯಲ್ಲಿ ಹಾವು-ಏಣಿ ಆಡಿಸುವ ತಾಯಂದಿರಿಗೆ ನೇರವಾಗಿ ದಕ್ಕುವ ತಿಳಿವಳಿಕೆ ಇದು. ಒಂದು ಸೀಮೆಸುಣ್ಣ, ಒಂದು ಹಿಡಿ ಹುಣಸೆಬೀಜ ಇದ್ದರೆ ಸಾಕು.

ಅದೇ ಪ್ರಾಮಾಣಿಕತೆಯಿಂದ ಎದುರು ಸಾಕ್ಷ್ಯವನ್ನೂ ಹೇಳಬೇಕು. ಚೆಸ್ ಕಲಿತ ಮಗು ಗಣಿತದಲ್ಲಿ ಮುಂದಾಗುತ್ತದೆ ಎಂಬ ನಂಬಿಕೆ ಬಹಳ ಹಬ್ಬಿದೆ. 2024ರ ಡಿಸೆಂಬರ್‌ನಲ್ಲಿ ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಮೇಲೆ ಚೆಸ್ ತರಗತಿಗಳಿಗೆ ಸೇರಿಸುವ ಉತ್ಸಾಹ ಇನ್ನೂ ಏರಿದೆ. ಆದರೆ ಇಂಗ್ಲೆಂಡಿನಲ್ಲಿ 100 ಪ್ರಾಥಮಿಕ ಶಾಲೆಗಳನ್ನು ಒಳಗೊಂಡ ದೊಡ್ಡ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ ಹೊರಬಂತು. ಒಂದು ವರ್ಷ ಶಾಲೆಯ ವೇಳೆಯಲ್ಲೇ ಚೆಸ್ ಕಲಿತ ಮಕ್ಕಳ ಗಣಿತದ ಅಂಕಗಳು, ಪಾಠ ಮುಗಿದ ಒಂದು ವರ್ಷದ ಮೇಲೆ ನೋಡಿದಾಗ, ಕಲಿಯದವರಿಗಿಂತ ಹೆಚ್ಚಿರಲಿಲ್ಲ. ಇದರಿಂದ ಚೆಸ್ ವ್ಯರ್ಥ ಎಂದಾಗುವುದಿಲ್ಲ. ಚೆಸ್ ಕಲಿತ ಮಗುವಿಗೆ ಚೆಸ್ ಬರುತ್ತದೆ, ಮುಂದಿನ ನಡೆಯನ್ನು ಆ ಮಣೆಯ ಮೇಲೆ ಯೋಚಿಸುವುದು ಬರುತ್ತದೆ, ಒಂದು ಗಂಟೆ ಒಂದೆಡೆ ಕೂತು ಒಂದೇ ವಿಷಯಕ್ಕೆ ಮನಸ್ಸು ಕೊಡುವ ಸುಖ ಗೊತ್ತಾಗುತ್ತದೆ. ಅದೇ ಸಾಕಷ್ಟು ದೊಡ್ಡದು. ಗಣಿತದ ಅಂಕ ಬೇಕಿದ್ದವರು ಗಣಿತವಿರುವ ಆಟವನ್ನು ಆರಿಸಿಕೊಳ್ಳಲಿ.

ಹಾಗೆ ಗಣಿತವನ್ನು ಹೊಟ್ಟೆಯಲ್ಲಿಟ್ಟುಕೊಂಡ ಆಟ ನಮ್ಮ ಚೌಕಾಬಾರ. ಐದೈದು ಮನೆಗಳ ಚೌಕ, ಒಟ್ಟು 25 ಮನೆ, ನಾಲ್ಕು ಬದಿಯ ನಡುಮನೆಗಳಲ್ಲೂ ಮಧ್ಯದ ಮನೆಯಲ್ಲೂ ಗುಣಿಸು ಗುರುತು. ಆಡುವವರು ನಾಲ್ಕು ಜನ, ತಲೆಗೆ ನಾಲ್ಕು ಕಾಯಿ. ಹೊರಸುತ್ತಿನ 16 ಮನೆ ಸುತ್ತಿ, ಎದುರು ದಿಕ್ಕಿನಲ್ಲಿ ಒಳಸುತ್ತಿನ 8 ಮನೆ ದಾಟಿ ಮಧ್ಯದ ಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ಹಲವು ಕಡೆಯ ನಿಯಮ. ದಾಳಗಳ ಬದಲು ನಾಲ್ಕು ಕವಡೆ, ಇಲ್ಲವೇ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆಬೀಜ. ಅಂಗಾತ ಬಿದ್ದವು ಎಷ್ಟೋ ಅಷ್ಟು ಮನೆ ನಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಇವೆರಡಕ್ಕೂ ಮತ್ತೊಂದು ಸಲ ಆಡುವ ಅವಕಾಶ. ಈಗ ಲೆಕ್ಕ ನೋಡಿ. ಒಂದೊಂದು ಬೀಜವೂ ಎರಡು ರೀತಿಯಲ್ಲಿ ಬೀಳಬಹುದಾದ್ದರಿಂದ ನಾಲ್ಕು ಬೀಜಗಳು ಒಟ್ಟು 16 ರೀತಿಯಲ್ಲಿ ಬೀಳಬಹುದು. ಅವುಗಳಲ್ಲಿ ಎರಡು ಬರುವ ರೀತಿಗಳು 6, ಒಂದು ಬರುವವು 4, ಮೂರು ಬರುವವು 4, ಚೌಕಕ್ಕೆ 1, ಬಾರಕ್ಕೆ 1. ಹಾಗಾಗಿ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತ ನಮ್ಮ ಕಾಯಿ ದೊಡ್ಡ ಅಪಾಯದಲ್ಲಿರುತ್ತದೆ, ನಾಲ್ಕು ಮನೆ ಮುಂದೆ ನಿಂತದ್ದು ಒಂದೇ ಎಸೆತದಲ್ಲಿ ಹೊಡೆತಕ್ಕೆ ಸಿಗುವುದು ತೀರ ಕಡಿಮೆ. ಚೌಕಾಬಾರದಲ್ಲಿ ಪಳಗಿದ ಹೆಂಗಸರು ಇದನ್ನು ಭಿನ್ನರಾಶಿಯಲ್ಲಿ ಹೇಳಲಾರರು, ಆದರೆ ಕಾಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಅವರ ಕೈಗೆ ಗೊತ್ತಿರುತ್ತದೆ. ಪ್ರೌಢಶಾಲೆಯ ಗಣಿತ ಶಿಕ್ಷಕರು ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲನ್ನು ಹುಡುಕಬೇಕಿಲ್ಲ. ನೂರು ಸಲ ಬೀಜ ಚೆಲ್ಲಿಸಿ ಎಷ್ಟು ಸಲ ಎಷ್ಟು ಬಿತ್ತು ಎಂದು ಮಕ್ಕಳಿಂದಲೇ ಬರೆಸಬಹುದು. ಆಮೇಲೆ ಕವಡೆಯಿಂದಲೂ ಮಾಡಿಸಬೇಕು. ಕವಡೆಯ ಉಬ್ಬಿದ ಬೆನ್ನೂ ಸೀಳುಬಾಯಿಯೂ ಸಮ ಅಲ್ಲದ್ದರಿಂದ ಉತ್ತರ ಪುಸ್ತಕದ ಲೆಕ್ಕಕ್ಕೆ ಸರಿಯಾಗಿ ಕೂಡುವುದಿಲ್ಲ. ಯಾಕೆ ಕೂಡಲಿಲ್ಲ ಎಂಬ ಪ್ರಶ್ನೆಯಲ್ಲೇ ನಿಜವಾದ ಪಾಠ ಇದೆ. (ಅಳಗುಳಿಗೂ ಚೌಕಾಬಾರಕ್ಕೂ ಗುಲಗಂಜಿ ಬಳಸುವುದು ಕೆಲವು ಮನೆಗಳಲ್ಲಿ ರೂಢಿ. ಗುಲಗಂಜಿಯ ಬೀಜ ವಿಷ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿರುವಲ್ಲಿ ಅದು ಖಂಡಿತ ಬೇಡ.)

ಹಾವು-ಏಣಿಯಲ್ಲಿ ಆಯ್ಕೆ ಎಂಬುದೇ ಇಲ್ಲ, ಬಿದ್ದಷ್ಟು ನಡೆಯುವುದಷ್ಟೇ. ಚೌಕಾಬಾರದಲ್ಲಿ ಅದೃಷ್ಟವೂ ಆಯ್ಕೆಯೂ ಕೂಡಿವೆ: ಮೂರು ಬಿದ್ದರೆ ಹೊಡೆಯಲೋ, ಗುಣಿಸು ಗುರುತಿನ ಕಟ್ಟೆ ಸೇರಿ ಸುರಕ್ಷಿತವಾಗಲೋ, ಹಣ್ಣಿನ ದಾರಿ ಹಿಡಿಯಲೋ ಎಂದು ಯೋಚಿಸಬೇಕು. ಹುಲಿ-ಕುರಿ ಆಟದಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ. ಬಹಳ ಕಡೆ ಮೂರು ಹುಲಿ, ಹದಿನೈದು ಕುರಿ, ಕೂಡುವ 23 ಬಿಂದುಗಳು. ಊರಿಂದ ಊರಿಗೆ ಈ ಲೆಕ್ಕ ಬದಲಾಗುತ್ತದೆ, ಆಡು-ಹುಲಿ ಎಂದು ಹೆಸರೂ ಬದಲಾಗುತ್ತದೆ. ಹುಲಿ ಕುರಿಯ ಮೇಲೆ ಹಾರಿ ಅದನ್ನು ಕೊಲ್ಲುತ್ತದೆ, ಆದರೆ ಕುರಿಯ ಹಿಂದಿನ ಬಿಂದು ಖಾಲಿ ಇರಬೇಕು. ಕುರಿಗಳಿಗೆ ಹಾರುವ ಬಲ ಇಲ್ಲ. ಅವು ಒಂದರ ಬೆನ್ನಿಗೆ ಒಂದು ನಿಂತು ಹುಲಿಗಳು ಅಲುಗಾಡದಂತೆ ಕಟ್ಟಿಹಾಕಿದರೆ ಗೆದ್ದವು. ಜಗತ್ತಿನ ಹೆಸರಾಂತ ಆಟಗಳಾದ ಚೆಸ್, ಡ್ರಾಫ್ಟ್ಸ್, ಗೋ ಎಲ್ಲದರಲ್ಲೂ ಎರಡೂ ಕಡೆಗೆ ಸಮಬಲ. ಇಲ್ಲಿ ಮೊದಲಿನಿಂದಲೇ ಬಲ ಬೇರೆ, ಗುರಿ ಬೇರೆ, ನಡೆ ಬೇರೆ. ಕುರಿಯ ಕಡೆ ಆಡುವ ಮಗು ಆತುರಪಟ್ಟು ಒಂದು ಕುರಿಯನ್ನು ಒಂಟಿಯಾಗಿ ಮುಂದಿಟ್ಟ ಕೂಡಲೇ ಕಳೆದುಕೊಳ್ಳುತ್ತದೆ. ನಾಲ್ಕಾರು ಕುರಿ ಕಳೆದುಕೊಂಡ ಮೇಲೆ ಯಾರೂ ಹೇಳಿಕೊಡದೆಯೇ ಬೆನ್ನು ಕಾಯ್ದುಕೊಳ್ಳುವುದನ್ನು ಕಲಿಯುತ್ತದೆ. ಪಕ್ಕ ಬದಲಿಸಿದ ಮೇಲೆ ಅದೇ ಮಗುವಿಗೆ ಹುಲಿಯ ಕಷ್ಟವೂ ಅರ್ಥವಾಗುತ್ತದೆ: ಬಲ ಇದ್ದೂ ದಾರಿ ಇಲ್ಲದಿರುವ ಕಷ್ಟ. ದೊಡ್ಡವರೂ ಚಿಕ್ಕವರೂ ಒಟ್ಟಿಗೆ ಆಡಲು ಇದರಷ್ಟು ಚೆಂದದ ಏರ್ಪಾಡು ನನಗೆ ಬೇರೆ ಗೊತ್ತಿಲ್ಲ. ದೊಡ್ಡವರು ಕಷ್ಟದ ಪಕ್ಕ ಹಿಡಿದರೆ ಸಾಕು, ಮಗುವನ್ನು ಬೇಕೆಂದೇ ಗೆಲ್ಲಿಸುವ ಸುಳ್ಳಿನ ಅಗತ್ಯ ಬೀಳುವುದಿಲ್ಲ.

ಕವಡೆ, ಪಗಡೆ ಎಂದ ಕೂಡಲೇ ಎದ್ದು ಬರುವ ಆಕ್ಷೇಪ ಜೂಜಿನದು. ಧರ್ಮರಾಯ ರಾಜ್ಯವನ್ನೂ ದ್ರೌಪದಿಯನ್ನೂ ಪಣಕ್ಕಿಟ್ಟು ಸೋತ ಕಥೆ ನಮ್ಮ ನೆನಪಿನಲ್ಲಿ ಎಷ್ಟು ಆಳವಾಗಿದೆಯೆಂದರೆ ಪಗಡೆಯ ಹಾಸನ್ನೇ ಮನೆಯೊಳಗೆ ಬಿಡದ ಹಿರಿಯರಿದ್ದಾರೆ. ಅವರ ಭಯ ನಿರಾಧಾರವಲ್ಲ. ಇಸ್ಪೀಟಿನಿಂದ ಹೊಲ ಮಾರಿಕೊಂಡವರ ಕಥೆಗಳು ಬಳ್ಳಾರಿ ಸೀಮೆಗೆ ಹೊಸವಲ್ಲ, ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಚಟ ಎಷ್ಟು ಬೆಳೆಯಿತೆಂದರೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಬೇಕಾಯಿತು. ಆದರೆ ಕೇಡು ಇರುವುದು ಪಣದಲ್ಲಿ, ಹಾಸಿನಲ್ಲಿ ಅಲ್ಲ. ಅದೇ ಭಾರತದ ಕಥೆಯನ್ನು ಹತ್ತನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಪಂಪ, ಕರ್ಣನೂ ದುರ್ಯೋಧನನ ಹೆಂಡತಿ ಭಾನುಮತಿಯೂ ಆಡಿದ ನೆತ್ತವನ್ನು, ಅಂದರೆ ಪಗಡೆಯಾಟವನ್ನು, ನೆನೆಯುವುದು ಗೆಳೆತನದ, ನಂಬಿಕೆಯ ಪ್ರಮಾಣವಾಗಿ. ಒಂದೇ ಕಾವ್ಯಪರಂಪರೆಯಲ್ಲಿ ಒಂದೇ ಬಗೆಯ ಆಟ ಎರಡು ರೀತಿ ಬಂದಿದೆ. ಪಣವಿಲ್ಲದ ಆಟವನ್ನು ಮನೆಯಲ್ಲೇ ಆಡಿ ಬೆಳೆದ ಮಗು, ಎಸೆತ ಎಷ್ಟು ಮೋಸ ಮಾಡುತ್ತದೆ ಎಂಬುದನ್ನು ಕಾಸು ಕಳೆದುಕೊಳ್ಳದೆ ತಿಳಿದುಕೊಳ್ಳುತ್ತದೆ. ಒಂದು ಕಟ್ಟುನಿಟ್ಟು ಮಾತ್ರ ಬೇಕು: ಐದು ರೂಪಾಯಿಯ ಪಣವೂ ಬೇಡ, ಹಬ್ಬದ ದಿನವೂ ಬೇಡ.

ಇದೆಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ ಎನ್ನುವವರಿದ್ದಾರೆ. ಲೂಡೊ ಸಿಗುತ್ತದೆ, ಹುಲಿ-ಕುರಿಯೂ ಸಿಗುತ್ತದೆ, ನಿಜ. ಪಗಡೆಯ ವಂಶದ್ದೇ ಆದ ಲೂಡೊ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದು ಮರಳಿ ನಮ್ಮಲ್ಲಿಗೆ ಬಂದ ಆಟ, ಈಗ ಪರದೆಯೊಳಗೆ ಹೊಕ್ಕಿದೆ. ಆದರೆ ಪರದೆಯಲ್ಲಿ ಕಾಯಿ ತಾನಾಗಿಯೇ ನಡೆಯುತ್ತದೆ, ಎಣಿಕೆ ಯಂತ್ರದ್ದು, ನಿಯಮ ಮುರಿಯಲು ಸಾಧ್ಯವೇ ಇಲ್ಲ. ಹೀಗಾಗಿ ಮಗು ಎಣಿಸುವುದನ್ನೂ ಕಲಿಯುವುದಿಲ್ಲ, ಮುರಿಯಬಹುದಾದ ನಿಯಮವನ್ನು ಮುರಿಯದೆ ಇರುವುದನ್ನೂ ಕಲಿಯುವುದಿಲ್ಲ. ಜಗಲಿಯ ಮೇಲಿನ ಆಟದಲ್ಲಿ ‘ಕಾಯಿ ಇಟ್ಟಾಯಿತು, ವಾಪಸ್ ಇಲ್ಲ’ ಎಂಬ ಜಗಳ ಎದ್ದೇ ಏಳುತ್ತದೆ. ಆ ಜಗಳವನ್ನು ಆಡುವವರೇ ಕೂತು ತೀರಿಸಿಕೊಳ್ಳಬೇಕು. ಅದು ಆಟಕ್ಕೆ ಬಂದ ಅಡ್ಡಿಯೆಂದು ನಾವು ಭಾವಿಸುತ್ತೇವೆ, ನನ್ನ ದೃಷ್ಟಿಯಲ್ಲಿ ಆಟದ ಅತ್ಯುತ್ತಮ ಪಾಠ ಅದೇ.

ಹಳೆಯ ಆಟಗಳನ್ನು ಹೊಗಳುವುದು ಬರೀ ಹಳಹಳಿಕೆ, ಇಂದು ಎಷ್ಟೋ ಒಳ್ಳೆಯ ಹೊಸ ಆಟಗಳಿವೆ ಎಂಬ ಮಾತಿನಲ್ಲೂ ಸತ್ಯವಿದೆ. 1995ರಲ್ಲಿ ಜರ್ಮನಿಯ ಕ್ಲೌಸ್ ಟಾಯ್ಬರ್ ರೂಪಿಸಿದ ‘ಕತಾನ್’ ವ್ಯಾಪಾರ, ಚೌಕಾಸಿ, ಹಂಚಿಕೆಯನ್ನು ಆಟದ ಜೀವಾಳವನ್ನಾಗಿ ಮಾಡಿತು. 2008ರ ‘ಪ್ಯಾಂಡೆಮಿಕ್’ನಲ್ಲಿ ಆಡುವವರೆಲ್ಲ ಒಂದೇ ಪಕ್ಷ, ಎದುರಾಳಿ ರೋಗ. ಇವು ನಮ್ಮ ಹಳೆಯ ಆಟಗಳಲ್ಲಿ ಇಲ್ಲದ ಗುಣಗಳು, ಕೊಳ್ಳಲು ಶಕ್ತಿಯಿರುವವರು ಕೊಂಡು ಆಡಲಿ. ಹೊಸತನ್ನು ಕಟ್ಟುವ ಹುಮ್ಮಸ್ಸು ನಮಗೂ ಅಪರಿಚಿತವೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಳೆಯ ಆಟಗಳನ್ನು ‘ಶ್ರೀತತ್ವನಿಧಿ’ಯ ಕೌತುಕನಿಧಿಯಲ್ಲಿ ದಾಖಲಿಸಿದ್ದಲ್ಲದೆ ಹೊಸ ಆಟಗಳನ್ನು ತಾವೇ ಕಲ್ಪಿಸಿದರು, ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟುವ ದಾರಿಗಳನ್ನು ಬಿಡಿಸಿದರು. ಅವರ ಆಟದ ಹಾಸುಗಳ ಚಿತ್ರಗಳನ್ನು ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ನೋಡಬಹುದು. ಅಮೆರಿಕದ ಎಲಿಜಬೆತ್ ಮ್ಯಾಗಿ 1904ರಲ್ಲಿ ಪೇಟೆಂಟ್ ಪಡೆದ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ಇನ್ನೊಂದು ದಾರಿ ತೋರುತ್ತದೆ. ಭೂಮಿಯ ಬಾಡಿಗೆ ಹೇಗೆ ಒಬ್ಬನನ್ನು ಶ್ರೀಮಂತನಾಗಿಸಿ ಉಳಿದವರನ್ನು ಬರಿಗೈ ಮಾಡುತ್ತದೆ ಎಂದು ತೋರಿಸುವುದೇ ಆಕೆಯ ಉದ್ದೇಶವಾಗಿತ್ತು. ಅದರಿಂದಲೇ ಹುಟ್ಟಿದ ಮೊನಾಪಲಿ, ನಮ್ಮ ಮನೆಗಳ ‘ಬಿಸಿನೆಸ್’ ಆಟ, ಆ ಉದ್ದೇಶವನ್ನು ಮರೆತು ಶ್ರೀಮಂತನಾಗುವುದನ್ನೇ ಗೆಲುವು ಮಾಡಿದವು. ಹಾಗಾದರೆ ಮಳೆಯನ್ನು ನಂಬಿ ಬಿತ್ತುವ, ಸುತ್ತಲಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ತೆಗೆಯುವುದನ್ನು ನೋಡುತ್ತ ಬೆಳೆದ ಸಂಡೂರು ಸೀಮೆಯ ಮಕ್ಕಳು ತಮ್ಮ ಬದುಕಿನ ಆಟವನ್ನು ಏಕೆ ಕಟ್ಟಬಾರದು? ಬೀಜ, ಗೊಬ್ಬರ, ಸಾಲ, ತಡವಾದ ಮಳೆ, ಮಾರುಕಟ್ಟೆಯ ಧಾರಣೆ ಎಲ್ಲ ಮನೆಗಳಾಗಬಹುದು. ನಿಯಮ ಬರೆಯಲು ಕೂತ ಮಕ್ಕಳು ಒಂದು ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ: ಈ ಆಟದಲ್ಲಿ ರೈತ ಗೆಲ್ಲುವುದು ಹೇಗೆ? ಸಮಾಜ ವಿಜ್ಞಾನದ ಎಷ್ಟೋ ಪಾಠಗಳು ಆ ಒಂದು ಪ್ರಶ್ನೆಯಲ್ಲಿ ಅಡಗಿವೆ.

ದೊಡ್ಡವರ ಲಾಭದ ಬಗ್ಗೆ ಇಷ್ಟು ಹೇಳಿದರೆ ಸಾಕು. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ, 75 ದಾಟಿದ 469 ಜನರನ್ನು ಸುಮಾರು ಐದು ವರ್ಷ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಓದುವ, ಮಣೆಯಾಟ ಆಡುವ, ವಾದ್ಯ ನುಡಿಸುವ, ನೃತ್ಯ ಮಾಡುವ ವೃದ್ಧರಲ್ಲಿ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಕಡಿಮೆ ಕಂಡುಬಂತು. ಆಟವೇ ಕಾಯಿಲೆಯನ್ನು ತಡೆಯಿತೆಂದು ಇದರಿಂದ ಹೇಳಲಾಗದು. ಮರೆವು ಶುರುವಾದವರು ತಾವಾಗಿಯೇ ಆಟ ಬಿಟ್ಟಿರಲೂಬಹುದು. ಆದರೂ ಮಕ್ಕಳು ಪಟ್ಟಣ ಸೇರಿದ ಮೇಲೆ ಹಗಲೆಲ್ಲ ಒಂಟಿಯಾಗಿ ಕೂರುವ ಹಿರಿಯರಿಗೆ, ಅವರಿಗೆ ಚೆನ್ನಾಗಿ ಗೊತ್ತಿರುವ, ಅವರೇ ಗುರುಗಳಾಗಬಲ್ಲ ಆಟವನ್ನು ಮರಳಿ ಕೊಡುವುದಕ್ಕೆ ವೈದ್ಯರ ಚೀಟಿ ಬೇಕಿಲ್ಲ.

ಓದು ಹಾಳಾಗುತ್ತದೆ ಎಂಬ ಕೊನೆಯ ಆಕ್ಷೇಪಕ್ಕೆ ಕರ್ನಾಟಕದ ಶಾಲೆಗಳೇ ಅರ್ಧ ಉತ್ತರ ಕೊಟ್ಟಿವೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯವ್ಯಾಪಿಯಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಕಲಿಕಾ ಏಣಿಯ ಮೆಟ್ಟಿಲು ಹತ್ತುತ್ತ, ಕಾರ್ಡು ಆಡುತ್ತ ಕಲಿಯುವುದನ್ನು ನಮ್ಮ ಶಿಕ್ಷಕರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಯವರಿಗೆ ಬ್ಯಾಗಿಲ್ಲದ ಹತ್ತು ದಿನಗಳನ್ನು ಸೂಚಿಸಿದೆ. ವಾರಕ್ಕೆ ಒಂದು ಗಂಟೆಯ ಆಟ ಓದನ್ನು ಕೆಡಿಸುವುದಿಲ್ಲ, ಬಿಡುವಿಲ್ಲದ ಓದು ಓದಿನ ಮೇಲಿನ ಪ್ರೀತಿಯನ್ನು ಕೆಡಿಸುತ್ತದೆ.

ಆದ್ದರಿಂದ ಚೋರನೂರು, ಸಂಡೂರು, ಕಂಪ್ಲಿ, ಹೊಸಪೇಟೆಯ ಶಿಕ್ಷಕರಲ್ಲೂ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳ ಮೇಲ್ವಿಚಾರಕರಲ್ಲೂ ನನ್ನ ವಿನಂತಿ ಇಷ್ಟು. ಹಂಪಿಯ ಕಲ್ಲಿನ ಮೇಲೆ ಹೊಸ ಗೆರೆ ಕೊರೆಯುವುದು ಅಪರಾಧ, ಮಕ್ಕಳು ಇರುವ ಗೆರೆಗಳನ್ನು ಕಾಗದದ ಮೇಲೆ ನಕಲು ಮಾಡಿಕೊಳ್ಳಲಿ. ಶಾಲೆಯ ಜಗಲಿಯಲ್ಲಿ, ಗ್ರಂಥಾಲಯದ ನೆಲದಲ್ಲಿ ಪೇಂಟಿನಿಂದ ಎರಡು ಮಣೆ ಬರೆಸುವುದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಬೇಸಿಗೆ ರಜೆಯ ಮಧ್ಯಾಹ್ನ ಬಿಸಿಲಿಗೆ ಹೊರಗೆ ಕಾಲಿಡಲಾಗದ ಹೊತ್ತಿನಲ್ಲಿ ಅವು ತುಂಬಿಕೊಳ್ಳುತ್ತವೆ. ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಕಸೂತಿಯ ಹೆಣ್ಣುಮಕ್ಕಳಿಂದ ಪಗಡೆಯ ಹಾಸು ಹೊಲಿಸಿದರೆ ಅವರಿಗೆ ಕೆಲಸ, ಊರಿಗೆ ಆಟ. ಇವೆಲ್ಲಕ್ಕಿಂತ ತುರ್ತಾದದ್ದು ಇನ್ನೊಂದು. ಹುಲಿ ಎಷ್ಟು, ಕುರಿ ಎಷ್ಟು, ಯಾವ ಬಿಂದುವಿನಿಂದ ಹುಲಿ ಹೊರಡಬೇಕು, ಚೌಕ ಬಿದ್ದರೆ ಎಷ್ಟು ಸಲ ಆಡಬಹುದು ಎಂಬ ಊರೂರಿನ ನಿಯಮಗಳು ಅರುವತ್ತು ದಾಟಿದವರ ನೆನಪಿನಲ್ಲಿ ಮಾತ್ರ ಉಳಿಯುತ್ತಿವೆ. ಮುಂದಿನ ರಜೆಯಲ್ಲಿ ಒಂದೊಂದು ಊರಿನ ಮಕ್ಕಳೂ ತಮ್ಮ ಊರಿನ ಹಿರಿಯರ ಮುಂದೆ ಕೂತು, ಆಡಿ, ಆ ನಿಯಮಗಳನ್ನು ಹೇಳಿದ ಹಾಗೆಯೇ ಬರೆದುಕೊಳ್ಳಲಿ. ಆ ನೋಟ್‌ಬುಕ್ಕುಗಳನ್ನು ಅರಿವು ಕೇಂದ್ರದ ಕಪಾಟಿನಲ್ಲಿ ಪುಸ್ತಕಗಳ ಜೊತೆಗೇ ಇಡಿ, ಬೇಕಾದವರಿಗೆ ಎರವಲು ಕೊಡಿ.